ಎಣ್ಣೆ ಹಚ್ಚದ ಎರಡು ತಿಂಗಳು

ಕೈ ಕಟ್ಟಿಕೊಂಡು ಕೂರುವ ಜಾಯಮಾನ ನನ್ನದಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲುವಷ್ಟು ತಾಳ್ಮೆಯೂ ನನಗಿಲ್ಲ. ಅಷ್ಟರಲ್ಲಿ ಎರಡು ಪಾತ್ರೆ ಬೆಳಗೋಣ, ಹೊಸ್ತಿಲು ಒರೆಸೋಣ ಎಂದು ಹೋಗಿ, ವಾಪಸು ಬರುವ ಹೊತ್ತಿಗೆ ಹಾಲೆಲ್ಲ ಒಲೆಯ ಪಾಲಾಗಿರುತ್ತಿತ್ತು. ಇಂಥವಳು ಒಂದು ಚಳಿಗಾಲದಲ್ಲಿ ಎರಡು ತಿಂಗಳು ಕೈ ಕಟ್ಟಿಕೊಂಡು ಕೂತಿದ್ದೆ. ಪಕ್ಕದಲ್ಲಿ ಗಂಡ ಮಂಡಿ ಹಿಡಿದುಕೊಂಡು ನರಳುತ್ತಿದ್ದರೂ, ನೋವು ಇಳಿಸುವ ವಿದ್ಯೆ ನನ್ನ ಕೈಯಲ್ಲೇ ಇದ್ದರೂ, ಬೇಕೆಂದೇ ಕೂತಿದ್ದೆ. ಇದನ್ನು ಬರೆಯಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದು, ಪ್ರತಿ ಸಲವೂ ಎದ್ದು ಹೋಗಿ ಬೇರೇನೋ ಕೆಲಸ ಮಾಡಿದ್ದೇನೆ. ಈ ಸಲ ಏಳುವುದಿಲ್ಲ.

ಯುದ್ಧ ಮುಗಿದು ಆರೇಳು ವರ್ಷವಾಗಿತ್ತು. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಮ್ಮದು ಎರಡು ಕೋಣೆಯ ಮನೆ. ನಾನು, ನನ್ನ ಯಜಮಾನರು, ಅವರ ತಾಯಿ, ಮೂರೇ ಜನ. ನಮಗೆ ಮಕ್ಕಳಾಗಲಿಲ್ಲ. ನಾನು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಆಗಿದ್ದೆ. ಹೋಗುವುದೂ ನಡಿಗೆ, ಬರುವುದೂ ನಡಿಗೆ. ಯಜಮಾನರ ಮನೆತನದವರೆಲ್ಲ ತಲೆತಲಾಂತರದಿಂದ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದವರು. ಅವರ ಪೈಕಿ ಪಟ್ಟಾಳಕ್ಕೆ ಸೇರಿದವರು ಇವರೊಬ್ಬರೇ. ದೊಡ್ಡಪ್ಪನ ಜೊತೆ ಜಗಳವಾಡಿ, ಮನೆಯಲ್ಲಿ ಯಾರಿಗೂ ಹೇಳದೆ ಹೋಗಿ ಸೇರಿಬಿಟ್ಟಿದ್ದರು. ಕೊರಳಲ್ಲಿ ಶಿವದಾರ ಕಟ್ಟಿಕೊಂಡವನು ಬಂದೂಕು ಹಿಡಿಯುವುದೇ ಎಂದು ನನ್ನ ಅತ್ತೆ ಎರಡು ದಿನ ಊಟ ಬಿಟ್ಟಿದ್ದರಂತೆ. ಪಾಪ, ಬಂದೂಕನ್ನು ಇವರ ಕೈಗೆ ಯಾರೂ ಕೊಡಲೇ ಇಲ್ಲ. ಸಾಮಾನು ಸಾಗಿಸುವ ಲಾರಿಯ ಮೇಲೆ ಹಾಕಿ ಬರ್ಮಾದ ಬೆಟ್ಟಗಳಿಗೆ ಕಳಿಸಿದರು.

ಅಲ್ಲಿ ಏನಾಯಿತು ಎಂದು ಕೇಳಿದರೆ ನನಗೆ ಸಿಗುತ್ತಿದ್ದ ಉತ್ತರ ಒಂದೇ ಸಾಲಿನದು: 'ಲಾರಿ ಉರುಳ್ತು, ಆಮೇಲೆ ನಡೆದ್ವಿ.' ಎಷ್ಟು ದೂರ ಎಂದರೆ 'ಸುಮಾರು ದೂರ'. ವಾಪಸು ಬಂದಾಗ ನಡೆಯುತ್ತಿದ್ದರು, ಮೆಟ್ಟಿಲು ಹತ್ತುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ಬೆಳಗ್ಗೆ ಏಳುವಾಗ ಮಂಡಿ ಹಿಡಿದುಕೊಳ್ಳತೊಡಗಿತು. ಆಮೇಲೆ ಊತ. ಆಮೇಲೆ ಮಡಚಿದರೆ ಒಳಗೆ ಮರಳು ಅರೆದ ಹಾಗೆ ಸದ್ದು. ಕೈಯಿಟ್ಟು ನೋಡಿದರೆ ನನಗೇ ಆ ಸದ್ದು ತಿಳಿಯುತ್ತಿತ್ತು. ಡಾಕ್ಟರರು ಎಕ್ಸ್‌ರೇ ತೆಗೆಸಿ, ಕೀಲು ಸವೆದಿದೆ, ಎರಡೂ ಮಂಡಿ ಅರವತ್ತು ವರ್ಷದವನ ಮಂಡಿಯ ಹಾಗಿದೆ ಎಂದರು. ಇವರಿಗೆ ಆಗ ಮೂವತ್ತಾರು.

ಕೆಲಸ ಬೇರೆ ಎಂಥದ್ದು! ಕಾಟನ್‌ಪೇಟೆಯಲ್ಲಿ ಅದೇ ದೊಡ್ಡಪ್ಪನ ಸಗಟು ಅಂಗಡಿಯ ಗೋದಾಮು. ಬಟ್ಟೆಯ ಗಂಟುಗಳೆಲ್ಲ ಅಟ್ಟದ ಮೇಲೆ, ಅಟ್ಟಕ್ಕೆ ಹತ್ತಲು ಮರದ ಏಣಿ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕೋ ದೇವರಿಗೇ ಗೊತ್ತು. ಕೆಳಗೆ ಗಾದಿಯ ಮೇಲೆ ದೊಡ್ಡಪ್ಪ ಮತ್ತು ಅವರ ಮಕ್ಕಳು ಒರಗಿ ಕೂರುತ್ತಿದ್ದರು. ಗೋದಾಮಿನವರು ನಿಂತೇ ಇರಬೇಕು. ಅಂಗಡಿಯ ರೂಢಿ ಹಾಗೆ. ಅಣ್ಣನ ಮಗನಾದರೂ ಸರಿ, ತಮ್ಮನ ಮಗನಾದರೂ ಸರಿ. ಪಟ್ಟಾಳದಲ್ಲಿ ಊನವಾದವರಿಗೆ ಸರ್ಕಾರ ಪಿಂಚಣಿ ಕೊಡುತ್ತದೆ ಎಂದು ಯಾರೋ ಹೇಳಿದ್ದೇ ತಡ, ನನ್ನ ತಲೆಗೆ ಅದೊಂದೇ ಹೊಕ್ಕಿತು. ಆ ಪಿಂಚಣಿ ಬಂದರೆ ನನ್ನ ಸಂಬಳವೂ ಸೇರಿ ಮನೆ ನಡೆಯುತ್ತದೆ, ಇವರು ಆ ಏಣಿ ಬಿಡಬಹುದು. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಏಣಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅರ್ಜಿ ಹಾಕಿದೆವು. ದಂಡಿನ ಆಸ್ಪತ್ರೆಯಲ್ಲಿ ಮೂವರು ಡಾಕ್ಟರರ ಮಂಡಳಿಯ ಮುಂದೆ ಬಂದು ಕಾಲು ತೋರಿಸಬೇಕು ಎಂದು ಕಾಗದ ಬಂತು. ನಾನು ತಪ್ಪು ಮಾಡಿದ್ದು ಇಲ್ಲೇ. ಆದರೆ ಅದು ತಪ್ಪು ಎಂದು ನಮ್ಮ ವಠಾರದ ಒಬ್ಬರಿಗೂ ಹೊಳೆಯಲಿಲ್ಲ.

ದೊಡ್ಡವರ ಮುಂದೆ ಹೋಗುವುದು ಎಂದರೆ ನಮ್ಮ ಕಡೆ ಒಂದು ಕ್ರಮ ಇತ್ತು. ಎಣ್ಣೆನೀರು ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು, ಒಗೆದ ಬಟ್ಟೆ ಉಟ್ಟು, ವಿಭೂತಿ ಇಟ್ಟುಕೊಂಡು ಲಕ್ಷಣವಾಗಿ ಹೋಗಬೇಕು. ಕುಂಟುತ್ತ, ಕೊಳೆಕೊಳೆಯಾಗಿ ಹೋದರೆ ಮನೆಯ ಹೆಂಗಸಿಗೆ ಮಾತು. ಅತ್ತೆಯೂ ಅದನ್ನೇ ಹೇಳಿದರು: 'ಪಟ್ಟಾಳದ ಡಾಕ್ಟ್ರು ನೋಡಿ, ಇವ್ನ ಹೆಂಡ್ತಿ ಇವ್ನನ್ನ ನೋಡ್ಕೊಳ್ಳೋದೇ ಇಲ್ಲ ಅಂದ್ಬಿಟ್ರೆ? ಚೆನ್ನಾಗಿ ತಿಕ್ಕವ್ವಾ ಕಾಲು.' ಸರಿ, ತಿಕ್ಕಿದೆ. ಮೂರು ವಾರ ಬಿಡದೆ ತಿಕ್ಕಿದೆ. ಗಾಣದ ಹರಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ಉಪ್ಪಿನ ಗಂಟು ಕಾಯಿಸಿ ಶಾಖ. ಕೆಂಪಾಂಬುಧಿ ಕೆರೆಯ ಏರಿಯಿಂದ ಎಕ್ಕದ ಎಲೆ ಕಿತ್ತು ತಂದು, ಕೆಂಡದ ಮೇಲೆ ಬಾಡಿಸಿ, ಮಂಡಿಗೆ ಸುತ್ತಿ ಕಟ್ಟುತ್ತಿದ್ದೆ. ದೊಡ್ಡಪ್ಪನ ಕೈಕಾಲು ಹಿಡಿದು ಆ ಮೂರು ವಾರ ಏಣಿಯಿಂದಲೂ ಬಿಡುವು ಕೇಳಿಕೊಂಡಿದ್ದೆ. ಹೋಗುವ ದಿನದ ಹೊತ್ತಿಗೆ ಊತ ಪೂರ್ತಿ ಇಳಿದಿತ್ತು. ಇಸ್ತ್ರಿ ಮಾಡಿದ ಅಂಗಿ, ಪಾಲೀಶು ಮಾಡಿದ ಬೂಟು. ವಠಾರದವರೆಲ್ಲ ನೋಡುವ ಹಾಗೆ ನೆಟ್ಟಗೆ ನಡೆದುಕೊಂಡು ಹೋಗಿ ಜಟಕಾ ಹತ್ತಿದರು. ನನಗೋ, ಒಳಗೊಳಗೇ ಜಂಬ.

ಬಂದ ಮೇಲೆ 'ಏನಾಯ್ತು ರೀ?' ಎಂದು ಕೇಳಿದೆ.

'ಹೇಗಿದೀಯಾ ಅಂತ ಕೇಳಿದ್ರು. ಚೆನ್ನಾಗಿದೀನಿ ಸಾರ್ ಅಂದೆ.'

'ಆಮೇಲೆ?'

'ಕೂತು ಎದ್ದೇಳು ಅಂದ್ರು. ಕೂತು ಎದ್ದೆ. ಭಾಳ ಒಳ್ಳೆ ಜನ ಕಣೆ.'

ಆ ಒಳ್ಳೆಯ ಜನ ಎರಡು ತಿಂಗಳ ಮೇಲೆ ಕಾಗದ ಕಳಿಸಿದರು. ನನಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ನಿಂತಲ್ಲೇ ಓದಿದೆ. ಪಿಂಚಣಿ ಇಲ್ಲ. ಕೀಲು ಸವೆದಿರುವುದು ವಯಸ್ಸಿನಿಂದ. ಕೆಲಸಕ್ಕೆ ಅಡ್ಡಿಯಾಗುವಂಥ ತೊಂದರೆ ಏನೂ ಕಾಣುವುದಿಲ್ಲ. ಬೇಕಾದರೆ ವರ್ಷದೊಳಗೆ ಮೇಲ್ಮನವಿ ಮಾಡಿಕೊಳ್ಳಬಹುದು. ಮೂವತ್ತಾರಕ್ಕೇ ವಯಸ್ಸಾಯಿತಂತೆ! ಹಾಗಾದರೆ ಇದನ್ನು ಬರೆದವನಿಗೆ ಎಷ್ಟು ವಯಸ್ಸೋ, ಅವನ ತಲೆ ಎಷ್ಟು ಸವೆದಿದೆಯೋ ಎಂದು ನಾನು ಅಂಗಳದಲ್ಲಿ ನಿಂತು ಕೂಗಾಡಿದೆ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಯಜಮಾನರು ಕಾಗದ ಇಸಿದುಕೊಂಡು, ಮಡಿಸಿ, ಟ್ರಂಕಿನಲ್ಲಿಟ್ಟು, ಗೋದಾಮಿಗೆ ಹೋದರು.

ಅವರು ಹೋದ ಮೇಲೆ ಅದೇ ಕಾಗದ ತೆಗೆದುಕೊಂಡು ನಾನು ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿದ್ದ ಒಬ್ಬ ರಾಯರ ಮನೆಗೆ ಹೋದೆ. ಅವರು ದಂಡಿನ ಕಚೇರಿಯಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಪಟ್ಟಾಳದಿಂದ ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅವರ ಮಗಳು ನನ್ನ ಕ್ಲಾಸಿನಲ್ಲಿ ಓದಿದ್ದಳು. ರಾಯರು ಹಳೆಯ ಪರಿಚಯದವರನ್ನು ಹಿಡಿದು, ವಾರದಲ್ಲಿ ಮಂಡಳಿಯವರು ಬರೆದಿದ್ದ ವರದಿಯ ನಕಲು ತರಿಸಿದರು. ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿಕೊಂಡು ನನಗೆ ಓದಿ ಹೇಳಿದರು: 'ಊತವಿಲ್ಲ. ಮಂಡಿ ಪೂರ್ತಿ ಮಡಚುತ್ತದೆ. ನಡಿಗೆ ಸರಿಯಾಗಿದೆ. ನೋವಿನ ಬಗ್ಗೆ ದೂರಿಲ್ಲ.' ಆಮೇಲೆ ಕನ್ನಡಕ ತೆಗೆದು ಕೇಳಿದರು: 'ಅಲ್ಲಮ್ಮಾ, ಮಡಚೋಕೇ ಆಗಲ್ಲ ಅಂತಿದ್ರಲ್ಲಾ ನೀವು?'

ನಾನು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದೆ. ಹರಳೆಣ್ಣೆ, ಉಪ್ಪಿನ ಗಂಟು, ಎಕ್ಕದ ಎಲೆ, ಬೂಟಿನ ಪಾಲೀಶೂ ಸಹ.

ರಾಯರು ಹಣೆ ಹಣೆ ಚಚ್ಚಿಕೊಂಡರು. 'ಅಯ್ಯೋ ನನ್ನ ತಾಯೀ! ಏನು ಕೆಲಸ ಮಾಡ್ಬಿಟ್ರಿ! ಊತ ತೋರ್ಸೋಕೆ ಕಳಿಸೋ ಮನುಷ್ಯನಿಗೆ ಊತ ಇಳಿಸಿ ಕಳಿಸ್ತಾರೇನಮ್ಮಾ?'

ಅಲ್ಲಿಯವರೆಗೂ ಸರ್ಕಾರದ ಮೇಲೆ, ಡಾಕ್ಟರರ ಮೇಲೆ, ದೊಡ್ಡಪ್ಪನ ಮೇಲೆ ಹಲ್ಲು ಕಡಿಯುತ್ತಿದ್ದವಳಿಗೆ, ಪಿಂಚಣಿ ಕಳೆದದ್ದು ನನ್ನ ಎರಡು ಕೈಗಳೇ ಎಂದು ಆ ಜಗಲಿಯ ಮೇಲೆ ತಿಳಿಯಿತು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಹಾಕಲಿ ಅದನ್ನು?

ಮೇಲ್ಮನವಿ ಬರೆಯಲು ಒಂದು ಭಾನುವಾರ ಯಜಮಾನರನ್ನೂ ಕರೆದುಕೊಂಡು ಹೋದೆ. ಲಾರಿ ಉರುಳಿದಾಗ ಆಸ್ಪತ್ರೆಗೆ ಸೇರಿದ್ದಿರಾ, ಕಾಲಿಗೆ ಪೆಟ್ಟಾಗಿದೆ ಎಂದು ಎಲ್ಲಾದರೂ ದಾಖಲೆ ಇದೆಯೇ ಎಂದು ರಾಯರು ಕೇಳಿದರು.

'ಇಲ್ಲ ರಾಯ್ರೇ. ಎಲ್ಲಾರ್ಗೂ ನೋವಿತ್ತು. ನಾನೊಬ್ನೇ ಹೋಗಿ ಏನ್ ಹೇಳ್ಕೊಳ್ಲಿ?'

ರಾಯರು ಲೇಖನಿ ಕೆಳಗಿಟ್ಟರು. ಆಮೇಲೆ, ಇರುವ ಸಾಕ್ಷಿ ಎಂದರೆ ಆ ಎರಡು ಮಂಡಿ ಮಾತ್ರ ಎಂದರು. ಮನವಿ ಚೆನ್ನಾಗಿಯೇ ಬರೆದುಕೊಟ್ಟರು. ಬಾಗಿಲವರೆಗೆ ಬಂದು, ಯಜಮಾನರು ನಿಧಾನವಾಗಿ ಮೆಟ್ಟಿಲು ಇಳಿಯುತ್ತಿರುವಾಗ, ನನಗೊಬ್ಬಳಿಗೇ ಕೇಳುವ ಹಾಗೆ, 'ಈ ಸಲ ಇರೋದು ಇರೋ ಹಾಗೇ ಅವ್ರ ಕಣ್ಣಿಗೆ ಬೀಳ್ಬೇಕಮ್ಮಾ. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ' ಎಂದರು.

ಮಳೆಗಾಲವೆಲ್ಲ ಕಾದ ಮೇಲೆ ಮತ್ತೆ ಕರೆ ಬಂತು. ಬೇರೆ ಡಾಕ್ಟರರ ಮಂಡಳಿ, ಇನ್ನು ಎರಡು ತಿಂಗಳಿಗೆ, ಪುಷ್ಯ ಮಾಸದಲ್ಲಿ. ಆವತ್ತು ಸಂಜೆ ಯಜಮಾನರು ಎಂದಿನಂತೆ ಗೋಡೆಗೊರಗಿ ಕಾಲು ಚಾಚಿದರು. ನಾನು ಎಣ್ಣೆಯ ಬಟ್ಟಲು ತರಲಿಲ್ಲ. ಎದುರಿಗೆ ಕೂತು ಹೇಳಿದೆ: 'ಇವತ್ತಿಂದ ಎಣ್ಣೆ ಇಲ್ಲ, ಶಾಖ ಇಲ್ಲ. ಡಾಕ್ಟ್ರು ನೋಡೋವರೆಗೂ. ತಡ್ಕೊಳ್ತೀರಾ?'

ಅವರು ಚಾಚಿದ ಕಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಒಳಕ್ಕೆ ಎಳೆದುಕೊಂಡರು. 'ಹೂಂ. ಹಾಗೇ ಮಾಡು' ಎಂದರು. ಅಷ್ಟೇ. ಬೇಡ ಅನ್ನಬಹುದಿತ್ತು, ರೇಗಬಹುದಿತ್ತು. ಏನೂ ಇಲ್ಲ.

ಮೊದಲ ವಾರ ಹೇಗೋ ಕಳೆಯಿತು. ಎರಡನೆಯ ವಾರಕ್ಕೆ ಚಳಿ ಬಿಗಿಯಿತು. ಬೆಳಗ್ಗೆ ಹಾಸಿಗೆಯಿಂದ ಎದ್ದು ನಿಲ್ಲಲು ಅವರಿಗೆ ಕಾಲುಗಂಟೆ ಹಿಡಿಯುತ್ತಿತ್ತು. ನಾನು ಆ ಕಾಲುಗಂಟೆ ಮನೆಯಲ್ಲಿ ಇರುತ್ತಿರಲಿಲ್ಲ. ನೀರಿಗೆ ಹೋಗುವುದು, ನೀರಿದ್ದರೂ ಹೋಗುವುದು, ರಂಗೋಲಿ ಹಾಕಿ ಅಳಿಸಿ ಮತ್ತೆ ಹಾಕುವುದು. ಶಾಲೆಯಲ್ಲಿ ಮಗ್ಗಿ ತಪ್ಪಿದ ಮಕ್ಕಳಿಗೆ ವಿನಾಕಾರಣ ಬೈಯುತ್ತಿದ್ದೆ. ಕೈಗಳು ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅವಕ್ಕೆ ತಾವಾಗಿಯೇ ಒಂದು ತುರಿಕೆ ಹುಟ್ಟುತ್ತಿತ್ತು. ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸಿದ್ದನ್ನೇ ಆರಿಸುತ್ತಿದ್ದೆ.

ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ದೇವರ ಗೂಡಿನ ಮುಂದೆ ನಿಂತು ಹೇಳುತ್ತಿದ್ದರು: 'ಶಿವನೇ, ನನ್ನ ಮಗನ ಕಾಲು ಕೊಳೆಸಿ ದುಡ್ಡು ತರ್ತಾಳಂತೆ, ನೋಡಪ್ಪಾ.' ಗೋದಾಮಿಗೆ ರಜೆಯಿದ್ದ ಒಂದು ದಿನ ನಾನು ಶಾಲೆಯಿಂದ ಬೇಗ ಬಂದೆ. ಅತ್ತೆ ಮಗನ ಮಂಡಿಗೆ ಕದ್ದು ಎಣ್ಣೆ ಹಚ್ಚುತ್ತಿದ್ದರು. ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ತಿಂಗಳಿಂದ ನಾನು ನೋಡದ ಒಂದು ನೆಮ್ಮದಿ ಅವರ ಮುಖದ ಮೇಲಿತ್ತು. ಅದನ್ನು ನೋಡಿಯೂ ನಾನು ಬಟ್ಟಲು ಕಿತ್ತುಕೊಂಡೆ. ಒಂದು ಬಟ್ಟೆ ತಂದು ಎಣ್ಣೆಯೆಲ್ಲ ಒರೆಸಿದೆ.

'ಮನುಷ್ಯಳೇನೇ ನೀನು?' ಎಂದು ಅತ್ತೆ ಮೊದಲ ಸಲ ನೇರವಾಗಿ ಕೇಳಿದರು.

'ಹೌದು, ಮನುಷ್ಯಳೇ! ಇಡೀ ಜನ್ಮ ಆ ಏಣಿ ಹತ್ಲಿ ಅಂತೀರಾ? ನಿಮ್ಮ ಮೈದುನ್ರನ್ನ ಕೇಳಿ, ಕೂತ್ಕೊಳ್ಳೋಕೆ ಒಂದು ಮಣೆ ಹಾಕ್ಕೊಡ್ತಾರಾ ಅಂತ!' ಎಂದು ನಾನೂ ಕಿರುಚಿದೆ. ಅವರು ಮೈದುನರಲ್ಲ, ಭಾವನವರು. ಸಿಟ್ಟಿನಲ್ಲಿ ಸಂಬಂಧವೂ ತಪ್ಪಿತು. ಯಾರೂ ತಿದ್ದಲಿಲ್ಲ. ಮಾರನೆಯ ದಿನ ಎಣ್ಣೆಯ ಸೀಸೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಶಾಲೆಯ ಬೀರುವಿನಲ್ಲಿ, ಸೀಮೆಸುಣ್ಣದ ಡಬ್ಬದ ಹಿಂದೆ ಇಟ್ಟು ಬೀಗ ಹಾಕಿದೆ.

ಮಂಡಳಿಯ ದಿನಕ್ಕೆ ಇನ್ನು ಹನ್ನೊಂದು ದಿನ ಇರುವಾಗ, ಒಂದು ಶನಿವಾರ ಮಧ್ಯಾಹ್ನ, ಯಜಮಾನರನ್ನು ತಳ್ಳುಗಾಡಿಯಲ್ಲಿ ಮನೆಗೆ ತಂದರು. ಬಟ್ಟೆಯ ಗಂಟು ಸಾಗಿಸುವ ಗಾಡಿ. ಅಟ್ಟದಿಂದ ಇಳಿಯಲಾಗದೆ ಮೇಲೆಯೇ ಕೂತುಬಿಟ್ಟಿದ್ದರಂತೆ. ಇಬ್ಬರು ಹಮಾಲಿಗಳು ಹೆಗಲು ಕೊಟ್ಟು ಇಳಿಸಿದ್ದರು. ಬಲಮಂಡಿ ತೆಂಗಿನಕಾಯಿಯ ಗಾತ್ರ ಆಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಅವರನ್ನು ಎತ್ತಿ ಒಳಗೆ ತರುವಾಗ ನನ್ನ ಕಡೆ ನೋಡಿ, 'ಏನಿಲ್ಲ ಕಣೆ, ಹಿಡ್ಕೊಂಡಿದೆ ಅಷ್ಟೆ' ಎಂದರು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಮೂಲೆಯಲ್ಲಿ ಕೂತರು.

ನಾನು ಹೊರಟೆ. ಚಪ್ಪಲಿ ಮೆಟ್ಟಿದ್ದೆನೋ ಇಲ್ಲವೋ ನೆನಪಿಲ್ಲ. ಚಾಮರಾಜಪೇಟೆಯಿಂದ ಶಾಲೆಯವರೆಗೆ ಓಡಿದೆ ಎಂದೇ ಹೇಳಬೇಕು. ಸಾಕು, ಹಾಳಾದ ಪಿಂಚಣಿ ಬೇಡ, ಏಣಿಯೇ ಗತಿ ಎಂದರೆ ಏಣಿಯೇ ಆಗಲಿ ಎಂದುಕೊಳ್ಳುತ್ತ ಓಡಿದೆ. ಜವಾನನ ಹತ್ತಿರ ಬೀಗ ತೆಗೆಸಿ, ಬೀರು ತೆರೆದು, ಸೀಸೆ ಕೈಗೆ ತೆಗೆದುಕೊಂಡೆ. ಖಾಲಿ ಕ್ಲಾಸಿನಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತೆ. ಹನ್ನೊಂದು ದಿನ. ಎಣ್ಣೆ ಹಚ್ಚಿ ಶಾಖ ಕೊಟ್ಟರೆ ಹನ್ನೊಂದು ದಿನದಲ್ಲಿ ಈ ಊತ ಇಳಿಯುತ್ತದೆ. ನನ್ನ ಕೈಗೆ ಅದು ಚೆನ್ನಾಗಿ ಗೊತ್ತಿತ್ತು. ಇಳಿದರೆ ಮತ್ತೆ ಅದೇ ಕಾಗದ. ಇಷ್ಟು ದಿನ ಅವರು ತಡೆದುಕೊಂಡದ್ದೂ ನೀರಿನಲ್ಲಿ ಹೋಮ. ಎದ್ದು ಬಾಗಿಲವರೆಗೆ ಬಂದೆ, ವಾಪಸು ಹೋಗಿ ಕೂತೆ, ಮತ್ತೆ ಎದ್ದೆ. ಎಷ್ಟು ಸಲ ಹೀಗೆ ಮಾಡಿದೆನೋ. ಜವಾನ ಬಂದು, 'ಮೇಡಂ, ಬೀಗ ಹಾಕ್ಲಾ?' ಎಂದ. ಸೀಸೆಯನ್ನು ಇದ್ದಲ್ಲೇ ಇಟ್ಟು, 'ಹಾಕಪ್ಪಾ' ಎಂದೆ.

ಮನೆಗೆ ಬರಿಗೈಯಲ್ಲಿ ಬಂದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಅತ್ತೆ ನನ್ನ ಕೈ ನೋಡಿದರು, ಮುಖ ತಿರುಗಿಸಿಕೊಂಡರು.

ಮಂಡಳಿಯ ದಿನ ಜಟಕಾದವನೂ ನಾನೂ ಸೇರಿ ಅವರನ್ನು ಗಾಡಿಗೆ ಹತ್ತಿಸಿದೆವು. ದಂಡಿನ ಆಸ್ಪತ್ರೆಯಲ್ಲಿ ಒಬ್ಬರೇ ನಡೆಯಲಾರರು ಎಂದು ನನ್ನನ್ನೂ ಒಳಗೆ ಬಿಟ್ಟರು. ಉದ್ದನೆಯ ಮೇಜಿನ ಹಿಂದೆ ಮೂವರು ಡಾಕ್ಟರರು, ಮೂವರೂ ಪಟ್ಟಾಳದ ಉಡುಪಿನಲ್ಲಿ. ನಡುವೆ ಕೂತಿದ್ದವರು ಹಿರಿಯರು, ಕೊಡಗಿನ ಕಡೆಯವರಂತೆ, ಕನ್ನಡದಲ್ಲೇ ಮಾತಾಡಿಸಿದರು. ಪಂಚೆ ಮೇಲಕ್ಕೆ ಸರಿಸಿ, ಬಲಮಂಡಿಯ ಮೇಲೆ ಅಂಗೈಯಿಟ್ಟು, ಥಟ್ಟನೆ ಕೈ ತೆಗೆದರು.

'ಎಷ್ಟು ದಿನದಿಂದ ಹೀಗಿದೆ?'

'ಸುಮಾರು ದಿನ ಆಯ್ತು ಸಾರ್. ಪರವಾಗಿಲ್ಲ ಸಾರ್.'

ಪರವಾಗಿಲ್ಲವಂತೆ! ಅಲ್ಲೇ ಅವರನ್ನು ಚಿವುಟಬೇಕು ಅನ್ನಿಸಿತು. ಡಾಕ್ಟರರು ನನ್ನ ಕಡೆ ತಿರುಗಿದರು. 'ಮನೇಲಿ ಏನ್ ಮಾಡ್ತಿದೀರಮ್ಮಾ ಇದಕ್ಕೆ?'

'ಏನೂ ಮಾಡ್ತಿಲ್ಲ.'

'ಎಣ್ಣೆ, ಶಾಖ, ಏನೂ ಇಲ್ವಾ?'

'ಇಲ್ಲ.'

ಅವರ ದನಿ ಗಡುಸಾಯಿತು. 'ಮನೇಲಿರೋ ಎತ್ತಿನ ಕಾಲು ಊದಿದ್ರೂ ಒಂದಿಷ್ಟು ಬಿಸಿನೀರು ಹುಯ್ತಾರಲ್ಲಮ್ಮಾ. ಇವ್ರು ನಿಮ್ಮ ಗಂಡ ತಾನೇ? ಇಂಥ ಕಾಲು ನೋಡ್ಕೊಂಡು ಹೇಗೆ ಸುಮ್ನಿದ್ರಿ?'

ಎದುರು ಮಾತಿಗೆ ನಾನು ಯಾವತ್ತೂ ತಡಕಾಡಿದವಳಲ್ಲ. ಆವತ್ತು ನೆಲ ನೋಡುತ್ತ ನಿಂತೆ.

ಆಗ ಯಜಮಾನರು ಮೇಜಿನ ಅಂಚು ಹಿಡಿದು ಎದ್ದು ನಿಂತರು. ಯಾರೂ ಏಳು ಎಂದಿರಲಿಲ್ಲ. ನೋವಿಗೆ ಹಣೆಯೆಲ್ಲ ಬೆವರು.

'ಸಾರ್, ಅವಳನ್ನ ಏನೂ ಅನ್ಬೇಡಿ' ಎಂದರು. ಅವರ ದನಿ ಅಷ್ಟು ದೊಡ್ಡದಾಗಿ ನಾನು ಕೇಳಿಯೇ ಇರಲಿಲ್ಲ. 'ಹೋದ್ಸಲ ಮೂರು ವಾರ ತಿಕ್ಕಿ ತಿಕ್ಕಿ ನನ್ನನ್ನ ನಿಲ್ಲೋ ಹಾಗೆ ಮಾಡಿ ಕಳಿಸಿದ್ಲು. ನಿಮ್ಮೋರು ಊತ ಇಲ್ಲ, ಏನೂ ಇಲ್ಲ ಅಂತ ಬರೆದ್ರು. ಈ ಸಲ ತಿಕ್ಕಿಲ್ಲ. ನೀವು ಹೆಂಡ್ತಿ ಸರಿಯಿಲ್ಲ ಅಂತೀರಿ. ಅವಳು ಏನ್ ಮಾಡ್ಬೇಕು ಸಾರ್? ನೀವೇ ಹೇಳ್ಬಿಡಿ.'

ಮೂವರೂ ಬರೆಯುವುದನ್ನು ನಿಲ್ಲಿಸಿದರು.

'ನಮ್ಮ ಲಾರೀಲಿ ನಾಲ್ಕು ಜನ ಇದ್ವಿ. ಕಣಿವೆಗೆ ಉರುಳ್ತು. ಇಬ್ರು ಅಲ್ಲೇ ಹೋದ್ರು. ಇನ್ನೊಬ್ಬನಿಗೆ ಬೆನ್ನು ಮುರಿದಿತ್ತು. ಅವನನ್ನ ಹೊತ್ಕೊಂಡು ಒಂಬತ್ತು ದಿನ ನಡೆದೆ. ನನ್ನ ಮಂಡಿ ಎರಡೂ ಆಗ್ಲೇ ಕುಂಬಳಕಾಯಿ ಆಗಿತ್ತು. ಆಸ್ಪತ್ರೆ ಡೇರೆ ಹತ್ರ ಅವನನ್ನ ಇಳಿಸ್ದಾಗ ಉಸಿರಿರ್ಲಿಲ್ಲ. ಅಲ್ಲಿ ಕೈಯಿಲ್ದೋರು, ಕಾಲಿಲ್ದೋರು ಸಾಲಾಗಿ ಮಲಗಿದ್ರು ಸಾರ್. ಅವ್ರ ಮುಂದೆ ಹೋಗಿ, ನಂಗೆ ಮಂಡಿ ನೋವು ಅಂತ ಹೇಗೆ ಬರೆಸ್ಲಿ?'

'ಇದನ್ನೆಲ್ಲ ಹೋದ್ಸಲ ಯಾಕೆ ಹೇಳ್ಲಿಲ್ಲ?' ಎಂದು ಹಿರಿಯ ಡಾಕ್ಟರರು ಮೆಲ್ಲಗೆ ಕೇಳಿದರು.

'ಹೇಗಿದೀಯಾ ಅಂತ ಕೇಳಿದ್ರು ಸಾರ್. ಚೆನ್ನಾಗಿದೀನಿ ಅಂದೆ.'

ಡಾಕ್ಟರರು ತಾವೇ ಎದ್ದು ಬಂದು ಅವರ ಭುಜ ಹಿಡಿದು ಕೂರಿಸಿದರು. ಆಮೇಲೆ ಯಾವ ಜಾಗ, ಯಾವ ತಿಂಗಳು, ಜೊತೆಗಿದ್ದವರು ಯಾವ ಊರಿನವರು ಎಂದೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ಯಜಮಾನರು ಎಲ್ಲವನ್ನೂ ಹೇಳಿದರು. ನಾನು ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಬಾಯಿಂದ ಕೇಳದೇ ಇದ್ದದ್ದನ್ನೆಲ್ಲ ಆ ಅರ್ಧ ಗಂಟೆಯಲ್ಲಿ, ಅಪರಿಚಿತರ ಮುಂದೆ, ಬಾಗಿಲ ಪಕ್ಕ ನಿಂತು ಕೇಳಿಸಿಕೊಂಡೆ. ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ, ಶಾಲೆಗೆ ಹೋಗಿ ಸೀಸೆ ತಂದೆ. ಆವತ್ತಿನಿಂದ ಹೊತ್ತು ಹೊತ್ತಿಗೆ ತಿಕ್ಕಿದೆ. ಅತ್ತೆ ಎಕ್ಕದ ಎಲೆ ತಾವೇ ಕಿತ್ತು ತಂದರು.

ಯುಗಾದಿ ಕಳೆದ ಮೇಲೆ ಆದೇಶ ಬಂತು. ಮನವಿ ಒಪ್ಪಲಾಗಿದೆ, ಮಂಡಿಯ ಸವೆತ ಸೇವೆಯಿಂದಲೇ ಬಂದದ್ದು, ಪಿಂಚಣಿ ಮಂಜೂರು. ಯಜಮಾನರು ಅದನ್ನು ಎರಡು ಸಲ ಓದಿಸಿ ಕೇಳಿಸಿಕೊಂಡರು. ಆವತ್ತೇ ಗೋದಾಮಿಗೆ ಹೇಳಿಕಳಿಸಿ ಕೆಲಸ ಬಿಟ್ಟರು. ಅತ್ತೆ ಶಾವಿಗೆ ಪಾಯಸ ಮಾಡಿ, ನನ್ನ ತಟ್ಟೆಗೆ ಮೊದಲು ಬಡಿಸಿದರು. ರಾಯರ ಮನೆಗೆ ಹಣ್ಣು ತೆಗೆದುಕೊಂಡು ಹೋಗಿ ಕೇಳಿದೆ: 'ರಾಯ್ರೇ, ಊತ ನೋಡಿ ಕೊಟ್ರೋ, ಇವ್ರು ಹೇಳಿದ್ದು ಕೇಳಿ ಕೊಟ್ರೋ? ಅದರಲ್ಲಿ ಬರೆದಿದೆಯಾ, ನೋಡಿ.' ರಾಯರು ಆದೇಶವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. 'ಅದೆಲ್ಲ ಬರಿಯಲ್ಲಮ್ಮಾ. ಒಪ್ಪಿದೆ ಅಂತಷ್ಟೇ ಇದೆ. ಈಗ್ಯಾಕೆ ಅದು?' ಎಂದರು.

ಯಾಕೆ ಎಂದರೆ, ಎಡಮಂಡಿಯ ಊತ ಒಂದು ತಿಂಗಳಲ್ಲಿ ಇಳಿಯಿತು. ಬಲಮಂಡಿ ಮಡಚಿದ್ದು ಮಡಚಿದ ಹಾಗೇ ಬಿಗಿದುಕೊಂಡಿತು. ನಾನು ಎಷ್ಟು ತಿಕ್ಕಿದರೂ ನೆಟ್ಟಗಾಗಲಿಲ್ಲ. ನಮ್ಮ ಬೀದಿಯ ಡಾಕ್ಟರರಿಗೆ ತೋರಿಸಿದೆವು. ಬಹಳ ದಿನ ಹಾಗೇ ಬಿಟ್ಟುಬಿಟ್ಟಿರಿ, ಮುಂಚೆಯೇ ನೋಡಬೇಕಿತ್ತು ಎಂದರು. ಯಜಮಾನರು ನನ್ನ ಪಕ್ಕದಲ್ಲೇ ಕೂತಿದ್ದರು. 'ಚಳಿ ಜಾಸ್ತಿ ಇತ್ತು ಡಾಕ್ಟ್ರೇ ಆ ವರ್ಷ' ಎಂದರು. ಬಾಯಿ ಬಿಟ್ಟು ಆ ಒಂಬತ್ತು ದಿನದ ಮಾತು ಹೇಳಿದ್ದರೆ ಸಾಕಾಗಿತ್ತೇನೋ. ಆ ಎರಡು ತಿಂಗಳು ಬೇಕೇ ಇರಲಿಲ್ಲವೇನೋ. ಅಥವಾ ಆ ಕಾಲು ಹಾಗೆ ಇರದಿದ್ದರೆ ಅವರು ಬಾಯಿ ಬಿಡುತ್ತಲೇ ಇರಲಿಲ್ಲವೇನೋ. ಎಷ್ಟು ತಿರುಗಿಸಿ ನೋಡಿದರೂ ನನಗೆ ಗೊತ್ತಾಗುವುದಿಲ್ಲ.

ಆಮೇಲೆ ಅವರು ಹದಿನೇಳು ವರ್ಷ ಬದುಕಿದರು, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು. ಅಷ್ಟು ವರ್ಷದಲ್ಲಿ ಒಂದು ದಿನವೂ, ಒಂದು ಸಿಟ್ಟಿನ ಗಳಿಗೆಯಲ್ಲೂ, ಆ ಕಾಲಿನ ಮಾತು ಎತ್ತಲಿಲ್ಲ. ಎತ್ತಬಾರದಿತ್ತೇ? ಎತ್ತಿದ್ದರೆ ನಾನು ಜಗಳವಾಡಿಬಿಡುತ್ತಿದ್ದೆ.